ಕೊಪ್ಪರಿಗೆ ಕೆರೆಯಲ್ಲಿ ನಮ್ಮ ಕೊಪ್ಪರಿಗೆ

೧೯೮೬ನೇ ಇಸವಿಯಲ್ಲಿ, ಏಳನೇ ಕ್ಲಾಸಿನ ನಟ್ಟನಡುವೆ, ನಾನು ವಿದ್ಯಾಭ್ಯಾಸಕ್ಕೆ ಮಂಗಳ ಹಾಡಿದೆ. ಆ ವಾರ ವಿಜ್ಞಾನದ ಮೇಷ್ಟ್ರು ಕಬ್ಬಿಣದ ಹಡಗು ನೀರಿನ ಮೇಲೆ ಹೇಗೆ ತೇಲುತ್ತದೆ ಎಂಬ ಪಾಠ ಮಾಡುತ್ತಿದ್ದರು. ಶನಿವಾರಕ್ಕೆ ತೇಲುವ ಭಾಗ ಮುಗಿಯಿತು. ಮುಳುಗುವ ಭಾಗ ಸೋಮವಾರ ಎಂದರು. ಭಾನುವಾರ ನಮ್ಮಪ್ಪ ನನ್ನನ್ನು ಆಲೆಮನೆಯ ಒಲೆಯ ಮುಂದೆ ಕೂರಿಸಿ, ಕಬ್ಬಿನ ಸಿಪ್ಪೆ ತಳ್ಳುವ ಕೆಲಸ ಕೊಟ್ಟರು. ಸೋಮವಾರದ ಪಾಠ ನನಗೆ ತಪ್ಪಿಹೋಯಿತು.

ಅದರಿಂದ ನನಗೇನೂ ಕೊರತೆಯಾಗಿಲ್ಲ ಎಂದೇ ಇಷ್ಟು ವರ್ಷ ಎದೆ ಉಬ್ಬಿಸಿಕೊಂಡು ಓಡಾಡಿದೆ. ಪಾಂಡವಪುರದಿಂದ ಮೇಲುಕೋಟೆ ಕಡೆಗೆ ಹೋಗುವಾಗ ನಿಂಗೇಗೌಡನ ಆಲೆಮನೆ ಎಲ್ಲಿ ಎಂದು ಯಾರನ್ನು ಕೇಳಿದರೂ ತೋರಿಸುತ್ತಾರೆ. ಕೇಳದಿದ್ದರೂ ಕಾಯುವ ಬೆಲ್ಲದ ವಾಸನೆ ಮೂಗು ಹಿಡಿದು ಕರೆತರುತ್ತದೆ. ಓದಿದವರು ಪುಸ್ತಕ ನೋಡಿ ಹೇಳುವುದನ್ನು ನಾನು ಪಾಕದ ಗುಳ್ಳೆ ನೋಡಿ ಹೇಳುತ್ತೇನೆ. ಇಷ್ಟು ಜಂಬ ಇದ್ದವನಿಗೆ ಆಗಬೇಕಾದದ್ದೇ ಆಯಿತು!

ನಮ್ಮ ಆಲೆಮನೆಯ ಹಿಂದೆಯೇ ಕೆರೆ. ಬೆಳಗಿನ ಹೊತ್ತು ಗಾಳಿ ಇಲ್ಲದಿದ್ದರೆ ಮೇಲುಕೋಟೆಯ ಬೆಟ್ಟ ಅದರೊಳಗೆ ತಲೆಕೆಳಗಾಗಿ ನಿಂತಿರುತ್ತದೆ. ಚಳಿಗಾಲ ಬಂತೆಂದರೆ ಹಕ್ಕಿಗಳ ಸಂತೆ. ಹಣೆಗೆ ಬೆಳ್ಳಗೆ ನಾಮ ಬಳಿದುಕೊಂಡ ನಾಮದ ಕೋಳಿಗಳು, ಬೆಟ್ಟದ ಮೇಲಿನ ಪೂಜೆ ಮುಗಿಸಿ ಈಗ ತಾನೇ ಇಳಿದು ಬಂದವರ ಹಾಗೆ ಗಂಭೀರವಾಗಿ ತೇಲುತ್ತವೆ. ನೀರುಕಾಗೆಗಳು ಒದ್ದೆ ಅಂಗಿ ಒಣಹಾಕಿದಂತೆ ರೆಕ್ಕೆ ಬಿಡಿಸಿ ಕೂರುತ್ತವೆ. ಕೆರೆಯ ನಡುವೆ ಒಂದು ನಡುಗಡ್ಡೆ. ಅದರ ಜಾಲಿ ಮರಗಳ ತುಂಬ ಬಣ್ಣದ ಕೊಕ್ಕರೆಗಳ ಗೂಡು. ಮರಗಳ ಬುಡದಲ್ಲಿ ಕೆರೆಯಮ್ಮನ ಪುಟ್ಟ ಗುಡಿ.

ಸರ್ಕಾರದ ಕಾಗದದಲ್ಲಿ ಅದು ದೊಡ್ಡಕೆರೆ. ಜನ ಕರೆಯುವುದು ಕೊಪ್ಪರಿಗೆ ಕೆರೆ. ಕೊಪ್ಪರಿಗೆ ಎಂದರೆ ನಾವು ಕಬ್ಬಿನ ಹಾಲು ಕಾಯಿಸುವ, ಎರಡಾಳು ಅಡ್ಡ ಮಲಗುವಷ್ಟು ಅಗಲದ ಪಾತ್ರೆ. ಹಿಂದಿನ ಕಾಲದಲ್ಲಿ ಬಡವರ ಮನೆಯಲ್ಲಿ ಮದುವೆ ಗೊತ್ತಾದರೆ, ಹೆಣ್ಣಿನ ತಾಯಿ ಏರಿಯ ಮೇಲೆ ನಿಂತು ಕೆರೆಯಮ್ಮನಿಗೆ ವೀಳ್ಯ ಇಟ್ಟು ಬರುತ್ತಿದ್ದಳಂತೆ. ಬೆಳಗಾಗುವಷ್ಟರಲ್ಲಿ ಅಡುಗೆಗೆ ಬೇಕಾದ ತಾಮ್ರದ ಕೊಪ್ಪರಿಗೆ, ಹಂಡೆ, ಸೌಟು ಎಲ್ಲ ತಾನಾಗಿ ತೇಲಿಕೊಂಡು ದಡಕ್ಕೆ ಬರುತ್ತಿದ್ದವಂತೆ. ಮದುವೆ ಮುಗಿದ ಮೇಲೆ ತೊಳೆದು ನೀರಿಗೆ ಬಿಟ್ಟರೆ ವಾಪಸ್ ಹೋಗುತ್ತಿದ್ದವು. ಒಮ್ಮೆ ಯಾರೋ ಪುಣ್ಯಾತ್ಮರು ಒಂದು ಸೌಟನ್ನು ಮನೆಯಲ್ಲೇ ಉಳಿಸಿಕೊಂಡರು. ಅಂದಿನಿಂದ ಕೆರೆಯಮ್ಮ ಪಾತ್ರೆ ಕೊಡುವುದನ್ನು ನಿಲ್ಲಿಸಿದಳು.

ಸೌಟು ಕದ್ದವರು ಆಚೆದಡದ ಊರಿನವರು. ಇದರಲ್ಲಿ ನಮ್ಮೂರಿನಲ್ಲಿ ಎರಡು ಮಾತಿಲ್ಲ. ಕದ್ದವರು ನಾವು ಎಂದು ಆಚೆದಡದಲ್ಲಿಯೂ ಎರಡು ಮಾತಿಲ್ಲ. ಹಾಗಾಗಿ ಎರಡೂ ಊರಿಗೆ ಮಾತೇ ಇಲ್ಲ! ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ, ಬಸ್ಸಿನಲ್ಲಿ ಅಕ್ಕಪಕ್ಕ ಕೂತರೂ ಕಿಟಕಿ ನೋಡುತ್ತೇವೆ. ಸೌಟನ್ನು ಕಣ್ಣಾರೆ ಕಂಡವರು ಮಾತ್ರ ಎರಡೂ ಊರಿನಲ್ಲಿ ಒಬ್ಬರೂ ಇಲ್ಲ.

ಇನ್ನು ನನ್ನ ಹೆಂಡತಿ ಲಕ್ಷ್ಮಿಯ ವಿಷಯ. ಅವಳು ಬಿಂಡಿಗನವಿಲೆ ಕಡೆಯವಳು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಕುರಿ ಎನ್ನುವ ಸೀಮೆ. ಮೊಣಕಾಲಿಗಿಂತ ಹೆಚ್ಚು ನೀರನ್ನು ಅವಳು ಕಂಡಿದ್ದೇ ಮದುವೆಯಾಗಿ ಇಲ್ಲಿಗೆ ಬಂದ ಮೇಲೆ. ಆದರೆ ಅವಳ ನಾಲಿಗೆ! ಪ್ರತಿ ಪಾಕದ ಮೊದಲ ತುಣುಕು ಅವಳಿಗೆ. "ಒಂದೀಟು ಎಳೆಪಾಕ" ಎಂದರೆ ಪಾಕ ಸಾಕಷ್ಟು ಕಾದಿಲ್ಲ, ಅಷ್ಟೇ. "ಚೆಂದಾಗದೆ" ಎಂದರೆ ನಾನು ಆ ದಿನವೆಲ್ಲ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಮಗಳ ಹೆರಿಗೆ ಕಷ್ಟವಾಯಿತು. ಅವಳನ್ನು ಕೊಟ್ಟಿರುವುದು ಕೆ.ಆರ್. ಪೇಟೆಗೆ. ಆಸ್ಪತ್ರೆಯ ಬೆಂಚಿನ ಮೇಲೆ ನಾನು ಏನೂ ತೋಚದೆ ಕೂತಿದ್ದಾಗ, ಪಕ್ಕದಲ್ಲಿ ಲಕ್ಷ್ಮಿ ಸೆರಗು ಒಡ್ಡಿ ಕೆರೆಯಮ್ಮನ ಜೊತೆ ಕರಾರು ಮಾಡಿಕೊಳ್ಳುತ್ತಿದ್ದಳು. "ತಾಯಿ ಮಗ ಇಬ್ರೂ ನೆಟ್ಟಗೆ ಮನೆಗೆ ಬರ್ಲಿ ಕಣವ್ವ. ನಾನೇ ನಿನ್ನ ಗುಡಿಗೆ ಬಂದು ತಂಬಿಟ್ಟಿನ ಆರತಿ ಮಾಡ್ತೀನಿ. ಅಲ್ಲೀಗಂಟ ಬೆಲ್ಲ ಮುಟ್ಟಕಿಲ್ಲ."

ತಾಯಿ, ಮಗು ಇಬ್ಬರೂ ನೆಟ್ಟಗೆ ಮನೆಗೆ ಬಂದರು. ಹೆಣ್ಣು ಮಗು. ಆಗ ಕೆರೆ ಬತ್ತಿತ್ತು, ನಡುಗಡ್ಡೆಗೆ ನಡೆದೇ ಹೋಗಬಹುದಿತ್ತು. ಬಾಣಂತನ ಮುಗಿಯಲಿ ಎಂದು ಕಾದೆವು. ಅಷ್ಟರಲ್ಲಿ ಮಳೆ ಹಿಡಿಯಿತು. ಆಮೇಲೆ ಕಾಲುವೆ ನೀರೂ ಬಂದು ಸೇರಿತು. ಕೆರೆ ತುಂಬಿತು. ತುಂಬಿದ್ದು ಬತ್ತಲೇ ಇಲ್ಲ! ಊರಿಗೆಲ್ಲ ಸಂತೋಷ. ನಮ್ಮ ಮನೆಯಲ್ಲಿ ಮಾತ್ರ ಆಲೆಮನೆಯ ಯಜಮಾನಿ ಕಾಫಿಗೆ ಸಕ್ಕರೆ ಹಾಕಿಕೊಂಡು ಕುಡಿಯುತ್ತಿದ್ದಳು. ಅದನ್ನು ನೋಡುವುದು ನನಗೆ ಎಂಥ ಅವಮಾನ ಎಂದು ಆಲೆಮನೆಯವರಿಗಷ್ಟೇ ಗೊತ್ತಾದೀತು. ಹಬ್ಬಕ್ಕೆ ಎಲ್ಲರಿಗೂ ಒಬ್ಬಟ್ಟು ಬಡಿಸಿ, ತಾನು ಬರೀ ಅನ್ನ ಸಾರು ಉಣ್ಣುತ್ತಿದ್ದಳು. ಪಾಕ ಇಳಿಸಿದಾಗಲೆಲ್ಲ ಅಭ್ಯಾಸಬಲದಿಂದ ತುಣುಕು ಹಿಡಿದು ಅವಳ ಕಡೆ ತಿರುಗುತ್ತಿದ್ದೆ. ಅವಳು ನಕ್ಕು ತಲೆ ಆಡಿಸುತ್ತಿದ್ದಳು. ಆ ತುಣುಕನ್ನು ನಾನೇ ತಿಂದು, "ಪಸಂದಾಗದೆ" ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ, ಇನ್ನು ತಡೆಯುವುದಿಲ್ಲ ಎಂದು ತೀರ್ಮಾನಿಸಿದೆ. ಕೆರೆಯಲ್ಲಿ ಮೀನು ಹಿಡಿಯುವವರ ತೆಪ್ಪ ಒಂದಿತ್ತು. ಆದರೆ ಅದು ಆಚೆದಡದವರದು. ಕೇಳುವುದುಂಟೇ? ಶ್ರೀರಂಗಪಟ್ಟಣಕ್ಕೆ ಹೋಗಿ, ಹೊಳೆಯಲ್ಲಿ ತೆಪ್ಪ ಹಾಕುವ ಒಬ್ಬನನ್ನು ಮಾತನಾಡಿಸಿದೆ. ಅವನು ಪಾಪ, ಬರುತ್ತೇನೆ ಎಂದೇ ಹೇಳಿದ. ಅಷ್ಟರಲ್ಲಿ ನನ್ನ ಕಣ್ಣು ಅವನ ತೆಪ್ಪದ ಮೇಲೆ ಬಿತ್ತು. ದುಂಡಗಿದೆ. ಬಾಯಿ ಅಗಲ. ಗೇಣಿನಲ್ಲಿ ಅಳೆದೆ. ನಮ್ಮ ಕೊಪ್ಪರಿಗೆಗಿಂತ ಚಿಕ್ಕದು!

"ಇದು ಬಿದಿರಿಂದಲ್ವಾ?" ಎಂದೆ.

"ಊ ಕಣಣ್ಣ, ಬಿದ್ರು. ಮ್ಯಾಲೆ ಡಾಂಬರು."

ಬರಿ ಬಿದಿರು ಜನರನ್ನು ಹೊರುವುದಾದರೆ, ನಮ್ಮದು ಗಟ್ಟಿ ಕಬ್ಬಿಣ! ಮೇಷ್ಟ್ರು ಶನಿವಾರ ಹೇಳಿದ್ದು ಅಷ್ಟೂ ಕಣ್ಣ ಮುಂದೆ ಬಂತು. ಅಲ್ಲದೆ ಕೆರೆಯ ಹೆಸರೇ ಕೊಪ್ಪರಿಗೆ ಕೆರೆ. ಕೊಪ್ಪರಿಗೆಗಳು ತೇಲಿದ ಪೂರ್ವಚರಿತ್ರೆ ಇರುವ ಕೆರೆ ಜಿಲ್ಲೆಯಲ್ಲಿ ಇನ್ನೊಂದಿದೆಯೇ? "ನೀನು ಬರಾದು ಬ್ಯಾಡ ಬುಡಪ್ಪ, ನಮ್ಮಲ್ಲೇ ಅದೆ" ಎಂದು ಹೇಳಿ ಬಸ್ಸು ಹತ್ತಿದೆ.

ಲಕ್ಷ್ಮಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಕೊಪ್ಪರಿಗೆಲಾ? ನಾನು ಮನುಷ್ಯಳೋ ಇಲ್ಲ ಕಬ್ಬಿನ ಹಾಲೋ?"

"ಕಬ್ಬಿಣದ ಅಡಗು ತೇಲಕಿಲ್ವಾ ಕಣಮ್ಮಿ? ಸಮುದ್ರದಲ್ಲಿ?"

"ಅದ ಓಡಿಸೋರು ಓದಿರ್ತಾರೆ ಕಣ್ರೀ."

ಇದೊಂದು ಮಾತು ಅವಳು ಆಡಬಾರದಿತ್ತು. ಆಡಿದ ಮೇಲೆ ನಾನು ಹಿಂದೆ ಸರಿಯುವ ಪ್ರಶ್ನೆಯೇ ಉಳಿಯಲಿಲ್ಲ!

ಮಂಗಳವಾರ ಬೆಳಗ್ಗೆ ಎಂದು ಗೊತ್ತಾಯಿತು. ಗಾಣ ನಿಲ್ಲಿಸಿದೆ. ನನ್ನ ಜೊತೆ ಇಪ್ಪತ್ತು ವರ್ಷದಿಂದ ಪಾಕ ಹಿಡಿಯುವ ಕೆಂಪಣ್ಣ ಮತ್ತು ನಾನು ಸೇರಿ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಿದೆವು. ಹೆಂಡತಿ ಸೀರೆಗೆ ಮಸಿ ಆಗಬಾರದೆಂದು ಇಡೀ ದಿನ ಹುಣಸೆಹಣ್ಣು, ಬೂದಿ ಹಾಕಿ ಒಳಗೂ ಹೊರಗೂ ತಿಕ್ಕಿದೆ. ವರ್ಷಗಟ್ಟಲೆ ಅಂಟಿದ್ದ ಕರಕಲೆಲ್ಲ ಕಿತ್ತು ಬಂತು. ಕೊಪ್ಪರಿಗೆ ಕನ್ನಡಿಯಾಯಿತು. ಅದರ ತಳದ ಹಳೇ ತೇಪೆಯ ಸುತ್ತ ಸೂಜಿ ತೂರುವಷ್ಟು ಸಂದುಗಳೂ ಚೆನ್ನಾಗಿ ಕಂಡವು.

ಸಂದು ಕಂಡರೆ ಹೆದರುವವನಲ್ಲ ನಾನು. ನಮ್ಮಪ್ಪ ಕಲಿಸಿದ ಉಪಾಯವಿದೆ: ಗಟ್ಟಿ ಪಾಕವನ್ನು ಸಂದಿಗೆ ಮೆತ್ತಿದರೆ, ಒಲೆಯ ಮೇಲೆ ಸೀದು ಕಲ್ಲಾಗಿಬಿಡುತ್ತದೆ. ಒಂದು ತೊಟ್ಟು ಹಾಲು ಸೋರುವುದಿಲ್ಲ. ಅದೇ ರೀತಿ ಅಚ್ಚುಕಟ್ಟಾಗಿ ಮೆತ್ತಿದೆ. ಕೆಂಪಣ್ಣ ತಲೆ ಕೆರೆದುಕೊಂಡ.

"ಅಣ್ಣಾ, ಒಲೆ ಮ್ಯಾಲೆ ಸರಿ. ನೀರ್ನಾಗೆ...?"

"ಕುದಿಯೋ ಆಲನ್ನೇ ತಡೀತದಂತೆ, ತಣ್ಣೀರ ತಡಿಯಕಿಲ್ವೇನ್ಲಾ?"

ಕೆಂಪಣ್ಣ ಐದನೇ ಕ್ಲಾಸು. ಇನ್ನೊಂದು ಹಿಡಿ ಪಾಕ ತಂದುಕೊಟ್ಟ.

ಮಂಗಳವಾರ ಟ್ರಾಕ್ಟರಿನ ಮೇಲೆ ಕೊಪ್ಪರಿಗೆಯ ಮೆರವಣಿಗೆ ಕೆರೆ ಏರಿಗೆ ಹೋಯಿತು. ಊರಿನ ಅರ್ಧ ಜನ ಹಿಂದೆ ಬಂದರು. ಲಕ್ಷ್ಮಿ ರೇಷ್ಮೆ ಸೀರೆ ಉಟ್ಟು, ತಂಬಿಟ್ಟಿನ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಬಂದಿದ್ದಳು. ಕೊಪ್ಪರಿಗೆಯನ್ನು ನೀರಿಗೆ ತಳ್ಳಿದೆವು. ತೇಲಿತು! ಹೂವಿನ ಹಾಗೆ ತೇಲಿತು. ನಾನು ಜನರ ಕಡೆ ತಿರುಗಿ ಒಂದು ನೋಟ ನೋಡಿದೆ. ಆ ನೋಟದಲ್ಲಿ ಏನಿತ್ತು ಎಂದು ಈಗ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ಲಕ್ಷ್ಮಿ ಹತ್ತಿದಳು. ಕಣ್ಣು ಮುಚ್ಚಿಕೊಂಡೇ ಹತ್ತಿದಳು. ನಾನು ಪಾಕ ತಿರುವುವ ಮರದ ಸಟ್ಟುಗ ಹಿಡಿದು ಹತ್ತಿದೆ. ಕೊಪ್ಪರಿಗೆಯ ಕಿವಿಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಕೆಂಪಣ್ಣನ ಕೈಗೆ ಕೊಟ್ಟಿದ್ದೆ. ಸಟ್ಟುಗದಿಂದ ಬಲಗಡೆ ಒಂದು ಎಳೆ ಎಳೆದೆ. ಕೊಪ್ಪರಿಗೆ ಮುಂದಕ್ಕೆ ಹೋಗಲಿಲ್ಲ. ತಿರುಗಿತು. ಎಡಗಡೆ ಎಳೆದೆ. ಆ ಕಡೆಗೂ ತಿರುಗಿತು. ದುಂಡಗಿರುವ ವಸ್ತುವಿಗೆ ಮುಂದೆ ಹಿಂದೆ ಎಂಬುದು ಇರುವುದಿಲ್ಲ ಎಂಬ ಜ್ಞಾನ ನನಗಾದದ್ದು ಆಗಲೇ.

"ಊರೂ ಆಯ್ತು, ಬೆಟ್ಟಾನೂ ಆಯ್ತು, ಮತ್ತೆ ಊರೇ ಬಂತಲ್ರೀ!" ಎಂದಳು ಲಕ್ಷ್ಮಿ. ಕಣ್ಣು ಬಿಟ್ಟಿದ್ದಳು.

ಅಷ್ಟರಲ್ಲಿ ಗಾಳಿ ಬೀಸಿತು. ಗಾಳಿಯೇ ನಮ್ಮನ್ನು ತಳ್ಳಿಕೊಂಡು ಹೊರಟಿತು. ದಡದಿಂದ ಕೆಂಪಣ್ಣ ಕೂಗಿದ.

"ಅಣ್ಣೋ! ಅಗ್ಗ ಮುಗೀತು!"

"ಬುಟ್ಬುಡ್ಲಾ!" ಎಂದು ಠೀವಿಯಿಂದ ಆಜ್ಞೆ ಮಾಡಿದೆ.

ಬಿಟ್ಟುಬಿಟ್ಟ. ಇಪ್ಪತ್ತು ವರ್ಷದಲ್ಲಿ ಅವನು ನನ್ನ ಮಾತನ್ನು ಮರುಮಾತಿಲ್ಲದೆ ಕೇಳಿದ್ದು ಅದೊಂದೇ ಸಲ!

ಆದರೂ ಒಂದು ಮಾತು ಹೇಳಲೇಬೇಕು. ನಡುನೀರಿಗೆ ಹೋದ ಮೇಲೆ ಊರಿನ ಗದ್ದಲ ನಿಂತುಹೋಯಿತು. ಕೊಪ್ಪರಿಗೆ ಮೆಲ್ಲಗೆ ಸುತ್ತುತ್ತಿತ್ತು. ನಡುಗಡ್ಡೆಯ ಮರಗಳು ಹತ್ತಿರ ಬಂದವು. ಗೂಡಿನ ಅಂಚಿನಲ್ಲಿ ಒಂದು ಕೊಕ್ಕರೆ ರೆಕ್ಕೆಯನ್ನು ಛತ್ರಿಯಂತೆ ಬಿಡಿಸಿ, ಮರಿಗಳಿಗೆ ಬಿಸಿಲು ತಾಗದಂತೆ ನಿಂತಿತ್ತು. ಲಕ್ಷ್ಮಿ ನನ್ನ ಅಂಗಿ ಹಿಡಿದಿದ್ದ ಕೈ ಸಡಿಲ ಮಾಡಿದಳು.

"ಏಟು ಚೆಂದಾಗದಲ್ರೀ..." ಎಂದಳು. "ಅಲ್ಲಿಂದ ದಿನಾ ನೋಡ್ತಿದ್ದೆ, ಚುಕ್ಕಿಚುಕ್ಕಿ ಕಾಣದು."

ನಮ್ಮ ಮದುವೆಯಾಗಿ ಇಪ್ಪತ್ತೇಳು ವರ್ಷ. ಕೆರೆ ನಮ್ಮ ಹಿತ್ತಲಿನಲ್ಲೇ ಇತ್ತು. ಇಬ್ಬರೂ ಒಟ್ಟಿಗೆ ಕೂತು ಅದನ್ನು ನೋಡಿದ್ದು ಅದೇ ಮೊದಲು. ನಾನು ಸಟ್ಟುಗ ಆಡಿಸುವುದನ್ನು ನಿಲ್ಲಿಸಿದೆ. ಇನ್ನೊಂದು ಸುತ್ತು ಸುತ್ತಲಿ ಎನ್ನಿಸಿತು.

ಆಗ ಕಾಲು ತಣ್ಣಗಾಯಿತು.

ತಳದ ತೇಪೆಯಿಂದ ನೀರು ಒಳಗೆ ಬರುತ್ತಿತ್ತು. ಒಲೆಯ ಮೇಲೆ ಕಲ್ಲಾಗುವ ಪಾಕ, ಒಲೆ ಕಾಣದಿದ್ದರೆ ಬರೀ ಬೆಲ್ಲ. ನೀರಿಗೆ ಹಾಕಿದ ಬೆಲ್ಲ ಏನಾಗುತ್ತದೆ ಎಂದು ತಿಳಿಯಲು ಏಳನೇ ಕ್ಲಾಸೂ ಬೇಕಿಲ್ಲ! ಅದು ಕರಗುತ್ತಿತ್ತು. ಕೊಪ್ಪರಿಗೆಯ ಸುತ್ತ ಕೆರೆ ಪಾನಕವಾಗುತ್ತಿತ್ತು.

ಪಾನಕದ ಸುದ್ದಿ ಮೊದಲು ಮೀನುಗಳಿಗೆ ಹೋಯಿತು. ತಳದ ಕೆಳಗೆ ನೂರಾರು ಮೀನು ಬಂದು ಟಪಟಪ ಬಡಿಯತೊಡಗಿದವು. ಮೀನಿನ ಸುದ್ದಿ ನೀರುಕಾಗೆಗಳಿಗೆ ಹೋಯಿತು. ಒಂದೊಂದಾಗಿ ಮುಳುಗು ಹಾಕಿದವು. ಆಮೇಲೆ ದೊಡ್ಡ ಹೆಜ್ಜಾರ್ಲೆಗಳೆರಡು, ಕೊಕ್ಕಿನ ಕೆಳಗಿನ ಚೀಲ ಜೋಲಾಡಿಸಿಕೊಂಡು, ಮದುವೆ ಊಟಕ್ಕೆ ತಡವಾಗಿ ಬಂದ ಬೀಗರಂತೆ ಇಳಿದವು. ನಾನು ಬೊಗಸೆಯಲ್ಲಿ ನೀರು ಎತ್ತಿ ಹೊರಗೆ ಹಾಕಲು ಬಗ್ಗಿದೆ. ಜೇಬಿನ ಮೊಬೈಲು ನನಗಿಂತ ಮೊದಲು ಬಗ್ಗಿ ಕೆರೆಗೆ ಹಾರಿತು.

ಆಗ ಲಕ್ಷ್ಮಿ ಕಿರುಚಿದಳು. "ಏನ್ರೀ! ಯಾರೋ ಬಂದವ್ರೆ!"

ತಿರುಗಿ ನೋಡಿದರೆ, ಕೊಪ್ಪರಿಗೆಯ ಅಂಚಿಗೆ ಎರಡು ಕೈ ಊರಿ, ಮೀಸೆ ಹೊತ್ತ ಒಂದು ಮುಖ ನಮ್ಮನ್ನೇ ನೋಡುತ್ತಿತ್ತು. ನೀರುನಾಯಿ! ಅದರ ಪಕ್ಕ ಇನ್ನೊಂದು ಮುಖ ಎದ್ದಿತು. ಮತ್ತೊಂದು. ಇಡೀ ಸಂಸಾರ ಬಂದಿತ್ತು. ದೊಡ್ಡದು ಮೊದಲು ತಂಬಿಟ್ಟಿನ ತಟ್ಟೆಯನ್ನು ನೋಡಿತು. ಆಮೇಲೆ ಒಳಗಿನ ನೀರನ್ನು ನೋಡಿತು. ಕೊನೆಗೆ ನನ್ನನ್ನು ನೋಡಿತು. ಹೆಣ್ಣು ನೋಡಲು ಹೋದಾಗ ನಮ್ಮ ಮಾವ ನನ್ನನ್ನು ನೋಡಿದ್ದೂ ಹೀಗೆಯೇ.

"ತಂಬಿಟ್ಟು! ತಂಬಿಟ್ಟು ನೋಡ್ಕೊ!" ಎಂದು ನಾನು ಕೂಗಿದೆ.

ಮೊಣಕಾಲಿಗಿಂತ ಹೆಚ್ಚು ನೀರು ಕಂಡರೆ ನಡುಗುವ ನನ್ನ ಹೆಂಡತಿ, ಆ ಹೊತ್ತಿನಲ್ಲಿ ತಟ್ಟೆಯನ್ನು ತಲೆಯ ಮೇಲೆ ಇಟ್ಟುಕೊಂಡು ಎದ್ದು ನಿಂತಳು. "ಮೂರು ವರ್ಷ ಕಾದಿವ್ನಿ. ಮುಳುಗಿದ್ರೆ ನಾನು ಮುಳುಗ್ತೀನಿ, ಇದ ಮುಳುಗ್ಸಕಿಲ್ಲ!" ಎಂದಳು. ನೀರುನಾಯಿಗಳು ಮರ್ಯಾದೆಯಾಗಿ ಸರಿದು ಹೋದವು. ನಾನು ಅವಳ ಕಾಲನ್ನು ತಬ್ಬಿ ಹಿಡಿದು ಕೂತೆ. ಅವಳು ಬೀಳದಿರಲಿ ಎಂದು ಹಿಡಿದೆನೋ, ನಾನು ಹೆದರಿ ಹಿಡಿದೆನೋ, ಈಗ ಹೇಳಲಾರೆ.

ಗಾಳಿ ನಮ್ಮನ್ನು ನಡುಗಡ್ಡೆಯನ್ನು ದಾಟಿಸಿ, ಅದರ ಬೆನ್ನ ಹಿಂದಕ್ಕೆ, ನಮ್ಮೂರಿಗೆ ಕಾಣದ ಕಡೆಗೆ ಎಳೆದುಕೊಂಡು ಹೋಯಿತು. ನೀರು ಒಳಗೆ ಮೊಣಕಾಲು ಮುಟ್ಟಿತು. ನಾನು ಕೆರೆಯಮ್ಮನನ್ನು ನೆನೆದೆ. ಆಗ ಕೊಪ್ಪರಿಗೆ ಯಾವುದಕ್ಕೋ ಠಣ್ ಎಂದು ಬಡಿದು ನಿಂತಿತು. ಮುಳುಗಿತು ಎಂದು ಕಣ್ಣು ಮುಚ್ಚಿದೆ.

"ಏನ್ಲಾ ಅದು? ಕೊಪ್ಪರಿಗೆ ಒಳ್ಗೆ ನೀವೇ ಕೂತ್ಬುಟ್ಟಿದ್ದೀರಲ್ಲ, ಒಲೆ ಎಲ್ಲಿ ಬುಟ್ಬುಟ್ಟು ಬಂದ್ರಿ?"

ಕಣ್ಣು ಬಿಟ್ಟೆ. ತಲೆಯ ಮೇಲೆ ಜೊಂಡಿನ ಹೊರೆ ಹೊತ್ತ ಒಬ್ಬ ಅಜ್ಜಿ ಕೆರೆಯ ನಡುವೆ ನಿಂತಿದ್ದಳು. ನಿಂತಿದ್ದಳು! ನೀರು ಅವಳ ಕಾಲುಗೆಜ್ಜೆ ಕಟ್ಟುವ ಜಾಗದವರೆಗೆ ಇತ್ತು.

"ಅಜ್ಜಿ... ಇಲ್ಲಿ ಆಳ ಇಲ್ವಾ?"

"ಆಳ ಎಲ್ಲಿಂದ ಬತ್ತದೆ? ಇದು ಹಳೇ ಏರಿ ಕಣ್ಲಾ ಮಗ. ನಮ್ಮೂರಿಂದ ಗುಡೀಗಂಟ ಕಲ್ಲು ಹಾಸದೆ. ನಮ್ಮೂರ ಎಂಗುಸ್ರು ಮಂಗಳವಾರ ಮಂಗಳವಾರ ನಡ್ಕಂಡೇ ಬತ್ತಾರೆ. ಸೀರೆ ಅಂಚು ನೆನೆಯಕಿಲ್ಲ."

ಲಕ್ಷ್ಮಿ ತಟ್ಟೆಯ ಕೆಳಗಿನಿಂದ ನನ್ನನ್ನು ನೋಡಿದಳು. "ಯಾವಾಗಿಂದ ಅಜ್ಜಿ?"

"ನಾನು ಮದ್ವೆಯಾಗಿ ಬಂದಾಗ್ಲಿಂದ್ಲೂ ಅಂಗೇ."

ಅಜ್ಜಿ ಆಚೆದಡದ ಊರಿನವಳು. ಒಂದು ಮಾತು ಕೇಳಿದ್ದರೆ, ಟ್ರಾಕ್ಟರಿನಲ್ಲಿ ಕೆರೆ ಸುತ್ತಿ ಆ ದಡಕ್ಕೆ ಹೋಗಿ, ಚಪ್ಪಲಿ ಕೈಯಲ್ಲಿ ಹಿಡಿದು, ಮೂರು ವರ್ಷದ ಹಿಂದೆಯೇ ಪೂಜೆ ಮುಗಿಸಿ ಬರಬಹುದಿತ್ತು. ಒಂದು ಮಾತು! ನಾನು ಹೆಂಡತಿಯ ಮುಖ ನೋಡಲಾಗದೆ ಕೊಪ್ಪರಿಗೆಯ ಒಳಗಿನ ನೀರನ್ನೇ ನೋಡುತ್ತ ಕೂತೆ. ಅದರಲ್ಲೂ ನನ್ನ ಮುಖವೇ ಕಂಡಿತು.

"ನಮ್ಮೂರ್ಗೂ ನಿಮ್ಮೂರ್ಗೂ ಮಾತಿಲ್ವಲ್ಲ ಅಜ್ಜಿ" ಎಂದೆ ಮೆತ್ತಗೆ.

"ನಂಗೆ ಎಂಬತ್ತಾಯ್ತು. ಇನ್ನು ಯಾವ ಸೌಟ ಇಟ್ಕಂಡು ಏನು ಬಡಿಸ್ಲಿ? ಇಳೀರಿ. ನೀ ಕೈ ಕೊಡವ್ವ."

ಅಜ್ಜಿ ಲಕ್ಷ್ಮಿಯ ಕೈ ಹಿಡಿದುಕೊಂಡಳು. ಇಬ್ಬರೂ ನೀರಿನ ಮೇಲೆ ನಡೆಯುವವರಂತೆ ಹೊರಟರು. ನಾನು ಹಿಂದಿನಿಂದ ಸಟ್ಟುಗ ಹೊತ್ತುಕೊಂಡು ನಡೆದೆ. ತಲೆಯ ಮೇಲೆ ಕೊಕ್ಕರೆಗಳು ಕೊಕ್ಕು ಬಡಿದು ಶಬ್ದ ಮಾಡುತ್ತಿದ್ದವು. ಅದು ನಗು ಅಲ್ಲ ಎಂದು ನಾನು ಪ್ರಮಾಣ ಮಾಡಲಾರೆ.

ಗುಡಿಯ ಮುಂದೆ ಲಕ್ಷ್ಮಿ ತಂಬಿಟ್ಟಿನ ಆರತಿ ಬೆಳಗಿದಳು. ಬೆಂಕಿಪೊಟ್ಟಣ ನನ್ನ ಜೇಬಿನಲ್ಲಿ ನೆನೆದು ಮುದ್ದೆಯಾಗಿತ್ತು. ಅಜ್ಜಿಯ ಎಲೆಯಡಿಕೆ ಚೀಲದಿಂದ ಒಣಗಿದ್ದೊಂದು ಬಂತು. ಲಕ್ಷ್ಮಿ ತುಂಬ ಹೊತ್ತು ಕಣ್ಣು ಮುಚ್ಚಿ ನಿಂತಿದ್ದಳು. ತುಟಿ ಅಲುಗುತ್ತಿತ್ತು. ಮೊಮ್ಮಗಳ ಹೆಸರು ಕೇಳಿಸಿತು. ನನ್ನ ಹೆಸರು ಹೇಳುವ ಪದ್ಧತಿ ಅವಳಿಗಿಲ್ಲ, ಆದರೂ ಒಂದು ಕಡೆ ಕಣ್ಣು ಮುಚ್ಚಿಕೊಂಡೇ ನಕ್ಕಳು. ಅದು ನನ್ನ ವಿಷಯವೇ ಇರಬೇಕು.

ಆಮೇಲೆ ತಂಬಿಟ್ಟು ಮುರಿದಳು. ನನ್ನದೇ ಆಲೆಮನೆಯ ಬೆಲ್ಲ ಹಾಕಿದ ತಂಬಿಟ್ಟು. ಬಾಯಿಗಿಟ್ಟಳು. ನಾನು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನಂತೆ ಕೈಕಟ್ಟಿ ನಿಂತೆ. ಮೂರು ವರ್ಷ ಈ ಗಳಿಗೆಗಾಗಿ ಕಾದಿದ್ದೆ. ಅಗಿದಳು. ನಿಲ್ಲಿಸಿದಳು. ಮತ್ತೆ ಅಗಿದಳು.

"ಹೆಂಗದೆ?" ಎಂದೆ.

"ಬೇಜಾರ ಮಾಡ್ಕಬ್ಯಾಡಿ ಕಣ್ರೀ" ಎಂದಳು. "ಸುಣ್ಣ ಜಾಸ್ತಿ ಆಗದೆ."

ಕಬ್ಬಿನ ಹಾಲು ಕಾಯುವಾಗ ಅದರ ಕೊಳೆ ತೆಗೆಯಲು ಚಿಟಿಕೆ ಸುಣ್ಣ ಹಾಕುತ್ತೇವೆ. ಆ ಚಿಟಿಕೆ ಹಾಕುವ ಬೆರಳು ನನ್ನದೇ. "ಇದೊಂದು ಅಚ್ಚಿನಲ್ಲಿ ಆಗಿರಬಹುದು" ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿಯೂ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದಳು.

"ಊ ಕಣವ್ವ, ಸುಣ್ಣವೇ" ಎಂದಳು. "ಎರಡು ಮೂರು ವರ್ಸದಿಂದ್ಲೂ ಇಂಗೇ. ನಾವೂ ಪೇಟೆಲಿ ಇವನದೇ ಬೆಲ್ಲ ತಕ್ಕಳಾದು. ಯೋಳಾನ ಅಂದ್ರೆ ಮಾತಿಲ್ವಲ್ಲ!"

ಲಕ್ಷ್ಮಿ ಕೂತು ನಕ್ಕಳು. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, ಸುಣ್ಣ ಜಾಸ್ತಿಯಾದ ಆ ತಂಬಿಟ್ಟನ್ನೇ ಇನ್ನೊಂದು ಮುರಿದು ತಿಂದಳು. ಮೂರನೆಯದನ್ನೂ ತಿಂದಳು.

ಕೊಪ್ಪರಿಗೆಯನ್ನು ಮರುದಿನ ಎಳೆದು ಕೊಟ್ಟವರು ಆಚೆದಡದವರು, ಅವರ ಟ್ರಾಕ್ಟರಿನಲ್ಲೇ. ಕೆಂಪಣ್ಣ ಅವರಿಗೆ ಕಾಫಿ ಕೊಟ್ಟ. ಬೆಲ್ಲದ ಕಾಫಿ. ಕುಡಿದು ಮುಖ ಕಿವುಚಿದರು, ಆದರೆ ಮಾತನಾಡಿದರು.

ಈಗ ನನ್ನ ಬಳಿ ಎರಡೂವರೆ ಎಕರೆ ಕಬ್ಬು, ಒಂದು ಗಾಣ, ಬೆಸುಗೆ ಹಾಕಿಸಿದ ಒಂದು ಕೊಪ್ಪರಿಗೆ, ಒಬ್ಬಳು ಮಗಳು, ಒಬ್ಬಳು ಮೊಮ್ಮಗಳು ಇದ್ದಾರೆ. ಮೊಬೈಲು ಇಲ್ಲ. ಒಬ್ಬಳು ಹೆಂಡತಿ ಇದ್ದಾಳೆ. ದಿನಾ ಬೆಳಗ್ಗೆ ಆಲೆಮನೆಗೆ ಬಂದು ಬೆಲ್ಲ ತಿನ್ನುತ್ತಾಳೆ. ದಿನಕ್ಕೆ ಒಂದು ತಪ್ಪು ಹೇಳುತ್ತಾಳೆ.